ಹುಲ್ಲಿಗೆ ಯೂರಿಯಾ: ಮೂರು ವಾರ ಏಕೆ ಕಾಯಬೇಕು?

ನಮ್ಮ ಸಂಘದ ಸದಸ್ಯರೊಬ್ಬರ ಮಗಳು ಪಶುವೈದ್ಯಕೀಯ ಪದವಿಗೆ ಓದುತ್ತಿದ್ದಾಳೆ. ರಜೆಗೆ ಊರಿಗೆ ಬಂದವಳು, ದನಗಳ ಆಹಾರದ ಬಗೆಗಿನ ಸಂಶೋಧನೆಯೊಂದರಲ್ಲಿ ಅಧ್ಯಾಪಕರಿಗೆ ನೆರವಾದ ಅನುಭವವನ್ನು ನಮ್ಮ ಕಚೇರಿಯಲ್ಲಿ ಕುಳಿತು ವಿವರಿಸಿದಳು. ಗೊಬ್ಬರಕ್ಕೂ ಮನೆಯ ಹಾಲಿಗೂ ಒಂದೆರಡು ದನ ಸಾಕುವ ಸದಸ್ಯರಿಗೆ ಇದು ಉಪಯುಕ್ತವೆಂದು ಭಾವಿಸಿ ಇಲ್ಲಿ ಕೊಡುತ್ತಿದ್ದೇವೆ.

ಪ್ರಯೋಗದ ಹಸುವಿನ ಎಡ ಪಕ್ಕೆಯಲ್ಲಿ, ಶಸ್ತ್ರಚಿಕಿತ್ಸೆಯಿಂದ ಮಾಡಿದ, ರಬ್ಬರ್ ಮುಚ್ಚಳವಿರುವ ಒಂದು ಕಿಂಡಿ ಇರುತ್ತದೆ. ಅದು ನೇರವಾಗಿ ಮೊದಲ ಹೊಟ್ಟೆಗೆ ತೆರೆಯುತ್ತದೆ. ಒಣಗಿಸಿ ಪುಡಿ ಮಾಡಿದ ಹುಲ್ಲನ್ನು ತೂಗಿ, ಸಣ್ಣ ನೈಲಾನ್ ಚೀಲಗಳಲ್ಲಿ ತುಂಬಿ ಒಳಗೆ ಇಳಿಬಿಡುವುದು, 6, 12, 24, 48 ಗಂಟೆಗಳ ನಂತರ ಹೊರತೆಗೆದು ತೊಳೆದು ಒಣಗಿಸಿ ಮತ್ತೆ ತೂಗುವುದು ಈಕೆಯ ಕೆಲಸ. ನಡುರಾತ್ರಿಯ ಸರದಿಯೂ ಈಕೆಯದೇ. ತೂಕ ಎಷ್ಟು ಇಳಿಯಿತೋ ಅಷ್ಟು ಮೇವು ಕರಗಿತೆಂದು ಲೆಕ್ಕ. ಯೂರಿಯಾದಿಂದ ಉಪಚರಿಸಿದ ಹುಲ್ಲಿನ ಚೀಲಗಳು ಬರೀ ಹುಲ್ಲಿನ ಚೀಲಗಳಿಗಿಂತ ಹಗುರವಾಗಿ ಹೊರಬಂದವು.

"ಮಾವ, ಹುಲ್ಲನ್ನು ಕರಗಿಸುವುದು ಹಸುವಲ್ಲ, ಅದರ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು. ನಾವು ಮೊದಲು ಮೇವು ಹಾಕುವುದು ಅವಕ್ಕೆ" ಎಂದಳು. ಆ ಜೀವಿಗಳು ಬೆಳೆಯಲು ಸಾರಜನಕ ಬೇಕು. ಭತ್ತದ ಹುಲ್ಲಿನಲ್ಲಿ ಕಚ್ಚಾ ಸಸಾರಜನಕ ಶೇ. 3ರಿಂದ 4ರಷ್ಟು ಮಾತ್ರ. ಸರಿಯಾಗಿ ಉಪಚರಿಸಿದರೆ ಸುಮಾರು ಶೇ. 7ಕ್ಕೆ ಏರುತ್ತದೆ. ಮುಚ್ಚಿಟ್ಟ ಒದ್ದೆ ಹುಲ್ಲಿನಲ್ಲಿ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ. ಅದು ನಾರಿನ ಬಿಗಿಯನ್ನು ಸಡಿಲಿಸಿ ಹುಲ್ಲನ್ನು ಮೆದುವಾಗಿಸುತ್ತದೆ.

ಕ್ರಮ ಹೀಗಿದೆ: 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾ, 50 ಲೀಟರ್ ನೀರು. ಯೂರಿಯಾ ಪೂರ್ತಿ ಕರಗಿದ ಮೇಲೆಯೇ ಪದರ ಪದರವಾಗಿ ಹುಲ್ಲಿಗೆ ಸಮನಾಗಿ ಚಿಮುಕಿಸಿ, ತುಳಿದು ಬಿಗಿ ಮಾಡಿ, ಪ್ಲಾಸ್ಟಿಕ್ ಹಾಳೆಯಿಂದ ಗಾಳಿಯಾಡದಂತೆ ಮುಚ್ಚಿ 21 ದಿನ ಬಿಡಬೇಕು. ತೆಗೆದ ಹುಲ್ಲನ್ನು ಘಾಟು ಹೋಗುವವರೆಗೆ ಹರಡಿ, ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡಿಸಬೇಕು. ಆರು ತಿಂಗಳೊಳಗಿನ ಕರುಗಳಿಗೆ ಕೊಡಬಾರದು.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಹಿಂದೊಮ್ಮೆ ಸಭೆಯಲ್ಲಿ ನಾವು ಯೂರಿಯಾದ ಪ್ರಮಾಣವನ್ನಷ್ಟೇ ಹೇಳಿ, ಮೂರು ವಾರದ ಮಾತನ್ನು ಒತ್ತಿ ಹೇಳಲಿಲ್ಲ. ಸದಸ್ಯರೊಬ್ಬರು ತೋಟಕ್ಕೆ ತಂದಿದ್ದ ಯೂರಿಯಾವನ್ನು ಕರಗಿಸಿ, ಹುಲ್ಲಿಗೆ ಚಿಮುಕಿಸಿ, ಅಂದು ಸಂಜೆಯೇ ಹಾಕಿದರು. ಕರೆಯುತ್ತಿದ್ದ ಹಸು ಬೆಳಗಾಗುವುದರೊಳಗೆ ಸತ್ತುಹೋಯಿತು. ಹಾಗೇ ತಿಂದ ಯೂರಿಯಾದಿಂದ ಹೊಟ್ಟೆಯಲ್ಲಿ ಒಮ್ಮೆಲೇ ಹುಟ್ಟುವ ಅಮೋನಿಯಾವನ್ನು ಸೂಕ್ಷ್ಮಜೀವಿಗಳು ಬಳಸಿಕೊಳ್ಳಲಾರವು. ಅದು ರಕ್ತ ಸೇರಿ ವಿಷವಾಗುತ್ತದೆ. ಆ ಮನೆಯವರು ನಮ್ಮನ್ನು ಒಂದು ಮಾತೂ ಆಡಲಿಲ್ಲ. ಅದೇ ನಮಗೆ ಹೆಚ್ಚು ನೋವು ತಂದಿತು.

ಆದ್ದರಿಂದ ಸದಸ್ಯರು ಯೂರಿಯಾ ಚೀಲವನ್ನು, ಅದನ್ನು ಕಲಸಿದ ಬಕೆಟ್ಟನ್ನು ಕೊಟ್ಟಿಗೆಯಿಂದ ದೂರವಿಡಬೇಕು. ಮೇವು ತಿಂದ ದನ ನಡುಗಿದರೆ, ಜೊಲ್ಲು ಸುರಿಸಿದರೆ, ಹೊಟ್ಟೆ ಉಬ್ಬಿದರೆ ತಕ್ಷಣ ಪಶುವೈದ್ಯರನ್ನು ಕರೆಯಿಸಿ, ಯೂರಿಯಾ ತಿಂದಿರಬಹುದೆಂದು ಮೊದಲೇ ತಿಳಿಸಬೇಕು. ವಿನೆಗರ್ ಮತ್ತು ತಣ್ಣೀರು ಕುಡಿಸುವ ಚಿಕಿತ್ಸೆಯಿದೆ. ತಡವಾದರೆ ಅದು ಫಲಿಸದು.

ಹುಲ್ಲು ಮುಚ್ಚಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. 21 ದಿನಕ್ಕೆ ಒಂದು ದಿನ ಕಡಿಮೆಯಿದ್ದರೂ ತೆರೆಯಬೇಡಿ.