ನಿಮಗಿದು ಗೊತ್ತೆ? ನೂರು ತುಂಬಿದರೆ ‘ಪುರಾವಸ್ತು’!

ಅಜ್ಜನ ಕಾಲದ ಗ್ರಾಮಫೋನ್, ಹಿತ್ತಾಳೆ ಹಂಡೆ, ಗೋಡೆ ಗಡಿಯಾರ ಎಲ್ಲವನ್ನೂ ನಾವು ‘ಆ್ಯಂಟಿಕ್’ ಎಂದುಬಿಡುತ್ತೇವೆ. ಕಾನೂನಿನ ಲೆಕ್ಕವೇ ಬೇರೆ. ಭಾರತದ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನಾಣ್ಯ, ಶಿಲ್ಪ, ವರ್ಣಚಿತ್ರ, ಶಾಸನದಂಥವು ‘ಪುರಾವಸ್ತು’ ಎನಿಸಲು ಕನಿಷ್ಠ 100 ವರ್ಷ ಹಳೆಯವಾಗಿರಬೇಕು.

ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯವುಳ್ಳ ಹಸ್ತಪ್ರತಿ, ದಾಖಲೆಗಳಿಗೆ 75 ವರ್ಷವಾಗಿದ್ದರೂ ಸಾಕು. ಹಾಗಾಗಿ ಅಟ್ಟದ ಮೇಲೆ ದೂಳು ಹಿಡಿದಿರುವ ತಾಳೆಗರಿ ಕಟ್ಟೂ ಈ ಸಾಲಿಗೆ ಸೇರಬಹುದು.

ಪುರಾವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಕಡ್ಡಾಯ. ಖಾಸಗಿಯವರು ಅವನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. ಸಾಗಿಸಿದರೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, ಜೊತೆಗೆ ದಂಡ. ಮನೆಯಲ್ಲಿ ನೂರು ವರ್ಷ ದಾಟಿದ ಕಲ್ಲಿನ ಅಥವಾ ಲೋಹದ ವಿಗ್ರಹವಿದ್ದರೆ ತಪ್ಪದೆ ನೋಂದಣಿ ಮಾಡಿಸಿ. ಕಳವಾದಾಗ ಅದು ನಿಮ್ಮದೆನ್ನಲು ಆ ದಾಖಲೆಯೇ ಆಧಾರ.