ಕೆರೆ ಏರಿಯ ಮೇಲೊಂದು ಮರದ ಅಟ್ಟಣೆ

ತಮಿಳುನಾಡಿನಲ್ಲಿ ವಳ್ಳಿಯ ಕಥೆ ಗೊತ್ತಿಲ್ಲದವರು ಸಿಗುವುದು ಕಷ್ಟ. ಬೇಡರ ಮನೆಯಲ್ಲಿ ಬೆಳೆದ ಈ ಹುಡುಗಿ ನವಣೆ ಹೊಲದ ಅಟ್ಟಣೆಯ ಮೇಲೆ ಕೂತು, ಕವಣೆ ಬೀಸಿ ಗಿಳಿ ಓಡಿಸುತ್ತಿದ್ದಾಗ ಮುರುಗನ ಕಣ್ಣಿಗೆ ಬಿದ್ದವಳು. ಆ ಅಟ್ಟಣೆಗೆ ಇಲ್ಲಿ ಪರಣ್ ಎನ್ನುತ್ತಾರೆ, ನಮ್ಮ ಮಲೆನಾಡಿನ ಗದ್ದೆಗಳಲ್ಲಿ ಅದೇ ಮಾಳ. ನಾಲ್ಕು ಕಂಬ, ಒಂದು ತಟ್ಟಿ, ಹತ್ತಲು ಏಣಿ. ಮರದ ವೀಕ್ಷಣಾ ಗೋಪುರದ ಮೂಲ ನಕ್ಷೆ ಇಷ್ಟೇ. ಹಿಂದೆ ಹಕ್ಕಿ ಓಡಿಸಲು ಹತ್ತುತ್ತಿದ್ದರು, ಈಗ ಹಕ್ಕಿ ನೋಡಲು ಹತ್ತುತ್ತೇವೆ.

ಚೆನ್ನೈನಿಂದ ದಕ್ಷಿಣಕ್ಕೆ ಸುಮಾರು 75–80 ಕಿ.ಮೀ. ದೂರದ ವೇದಾಂತಾಂಗಲ್ ಇಂಥ ನೋಟಕ್ಕೆ ಹೇಳಿ ಮಾಡಿಸಿದ ಜಾಗ. ಸುಮಾರು 30 ಹೆಕ್ಟೇರಿನ ಪುಟ್ಟ ಕೆರೆ, ನೀರಿನಲ್ಲೇ ಬೇರು ಬಿಟ್ಟ ಮರಗಳು, ಅವುಗಳ ತುಂಬ ಹೆಜ್ಜಾರ್ಲೆ, ಬಾಯ್ಕಳಕ, ಬೂದು ಬಕ, ನೀರುಕಾಗೆ. ಬ್ರಿಟಿಷ್ ಸಿಪಾಯಿಗಳು ಇಲ್ಲಿ ಬಂದೂಕು ಹಿಡಿದು ಬೇಟೆಗಿಳಿದಾಗ ಊರವರು ಚೆಂಗಲ್ಪಟ್ಟಿನ ಕಲೆಕ್ಟರ್ ಲಯನೆಲ್ ಪ್ಲೇಸ್‌ಗೆ ದೂರು ಕೊಟ್ಟರು. 1798ರಲ್ಲಿ ಆತ ಹಕ್ಕಿಗಳ ರಕ್ಷಣೆಗೆ ಕೌಲು ಬರೆದುಕೊಟ್ಟ, 1858ರಲ್ಲಿ ಅದು ನವೀಕರಣಗೊಂಡಿತು. ಊರವರ ಲೆಕ್ಕಾಚಾರ ಭಕ್ತಿಯದಷ್ಟೇ ಅಲ್ಲ: ಹಿಕ್ಕೆ ಬಿದ್ದ ಕೆರೆನೀರು ಗದ್ದೆಗೆ ಹರಿದರೆ ಬೇರೆ ಗೊಬ್ಬರದ ಖರ್ಚು ಉಳಿಯುತ್ತದೆ. ಚೆನ್ನೈ ನಗರದೊಳಗಿನ ಪಳ್ಳಿಕರಣೈ ಜೌಗಿನಂತೆ ಇದಕ್ಕೂ 2022ರಲ್ಲಿ ಜಾಗತಿಕ ಮಹತ್ವದ ಜೌಗುಭೂಮಿಯೆಂಬ ರಾಮ್‌ಸರ್ ಪಟ್ಟ ಬಂತು.

ಇಂಥ ಕಡೆ ಮರದ ಗೋಪುರ ಕಟ್ಟುವವನು ಮೊದಲು ಎತ್ತರದ ಆಸೆ ಬಿಡಬೇಕು. ಆಸ್ಟ್ರಿಯಾದಲ್ಲಿ 2013ರಲ್ಲಿ ತೆರೆದ ಪಿರಾಮಿಡೆನ್‌ಕೋಗೆಲ್ ಎಂಬ ಮರ-ಉಕ್ಕಿನ ಗೋಪುರ ಆಂಟೆನಾ ಸೇರಿ 100 ಮೀಟರ್ ಇದೆ. ಅದರ ಚಿತ್ರ ನೋಡಿದವರಿಗೆಲ್ಲ ಅಂಥದ್ದೇ ಬೇಕು ಅನಿಸುತ್ತದೆ. ನನಗೆ ಹಿಡಿಸುವುದು ಹೆಲ್ಸಿಂಕಿಯ ಮೃಗಾಲಯದ ದ್ವೀಪದಲ್ಲಿ ವಾಸ್ತುಶಿಲ್ಪ ವಿದ್ಯಾರ್ಥಿಗಳು 2002ರಲ್ಲಿ ಕಟ್ಟಿದ ಗೋಪುರ. 72 ರೀಪುಗಳನ್ನು ಬಾಗಿಸಿ ಹೆಣೆದದ್ದು, ಎತ್ತರ 10 ಮೀಟರ್ ಮಾತ್ರ. ವೇದಾಂತಾಂಗಲ್‌ನಲ್ಲಿ ಗೂಡುಗಳಿರುವುದು ಕಣ್ಣಳತೆಯ ಎತ್ತರದಲ್ಲೇ. ಏರಿಯಿಂದ ಮೂರು-ನಾಲ್ಕು ಮೀಟರ್ ಮೇಲೇರಿದರೆ ಧಾರಾಳವಾಯಿತು. ಅದಕ್ಕಿಂತ ಮೇಲೆ ಹೋದರೆ ನಾವು ಹಕ್ಕಿ ನೋಡುವುದಕ್ಕಿಂತ ಹಕ್ಕಿಗಳು ನಮ್ಮನ್ನು ನೋಡುವುದೇ ಹೆಚ್ಚು.

ಎತ್ತರ ಬೇಡ ಎನ್ನಲು ಇನ್ನೊಂದು ಕಾರಣ ಗಾಳಿ. ಭಾರತೀಯ ಮಾನಕ 875ರ ಮೂರನೇ ಭಾಗ ಕಟ್ಟಡ ವಿನ್ಯಾಸಕ್ಕೆ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್ ಗಾಳಿವೇಗ ಹಿಡಿಯಿರಿ ಎಂದರೆ, ಚೆನ್ನೈಗೆ 50 ಮೀಟರ್ ಎನ್ನುತ್ತದೆ. ಅಂದರೆ ಗಂಟೆಗೆ 180 ಕಿ.ಮೀ. ವೇಗ ಒಂದೂವರೆ ಪಟ್ಟು ಆದರೂ ಒತ್ತಡ ವೇಗದ ವರ್ಗದಂತೆ ಏರುವುದರಿಂದ ಗೋಪುರದ ಮೇಲೆ ಬೀಳುವ ಭಾರ ಬೆಂಗಳೂರಿನ ಎರಡು ಪಟ್ಟಿಗೂ ಮಿಗಿಲು. ಚದರ ಮೀಟರಿಗೆ ಹೆಚ್ಚುಕಡಿಮೆ 150 ಕಿಲೋ. ಕಾಂಕ್ರೀಟು ತನ್ನ ತೂಕದಿಂದಲೇ ನಿಲ್ಲುತ್ತದೆ. ತೇಗದ ತೂಕ ಘನಮೀಟರಿಗೆ ಸುಮಾರು 650 ಕಿಲೋ, ಕಾಂಕ್ರೀಟಿನ ಕಾಲುಭಾಗದಷ್ಟು. ಪಳ್ಳಿಕರಣೈನಂಥ ಮೆತ್ತನೆ ಜೌಗುಮಣ್ಣಿನಲ್ಲಿ ಹಗುರವಾಗಿರುವುದು ವರವೇ, ಚಂಡಮಾರುತದ ದಿನ ಮಾತ್ರ ಅದೇ ಶಾಪ. ಆಗ ಗೋಪುರ ಕುಸಿಯುತ್ತದೋ ಎನ್ನುವುದಕ್ಕಿಂತ ಬುಡಸಮೇತ ಏಳುತ್ತದೋ ಎಂಬ ಚಿಂತೆ ದೊಡ್ಡದು. ಅದಕ್ಕೇ ಕಾಲುಗಳನ್ನು ಅಗಲಿಸಿ ನಿಲ್ಲಿಸಬೇಕು, ಕಂಬದಿಂದ ಕಂಬಕ್ಕೆ ಓರೆ ತೊಲೆ ಕೊಡಬೇಕು, ಬದಿಗಳನ್ನು ಹಲಗೆಯಿಂದ ಮುಚ್ಚದೆ ಸಂದಿ ಬಿಟ್ಟು ರೀಪು ಹೊಡೆಯಬೇಕು. ಚಾವಣಿ ಇಳಿಜಾರಾಗಿರಲಿ, ಚಿಕ್ಕದಾಗಿರಲಿ. ಗಾಳಿ ಮೊದಲು ಎತ್ತುವುದು ಅದನ್ನೇ.

ಮರ ಎಲ್ಲಿಂದ ತರುವುದು? 2016ರ ಡಿಸೆಂಬರ್ 12ರಂದು ವರ್ದಾ ಚಂಡಮಾರುತ ಬಡಿದಾಗ ಚೆನ್ನೈನ ರಸ್ತೆ ರಸ್ತೆಯಲ್ಲಿ ಮರ ಉರುಳಿತು. ಗಿಂಡಿ ರಾಷ್ಟ್ರೀಯ ಉದ್ಯಾನದಲ್ಲೂ, ವಂಡಲೂರು ಮೃಗಾಲಯದಲ್ಲೂ ಅಪಾರ ನಷ್ಟವಾಯಿತು. ಬಿದ್ದ ಮರದಿಂದಲೇ ಕಟ್ಟಬಾರದೇಕೆ ಎಂದು ಯಾರಿಗೂ ತೋಚುವ ಮಾತು. ಬೀದಿಯ ಮರವಾದರೆ ಸರಿ. ಅಭಯಾರಣ್ಯದೊಳಗೆ ಬಿದ್ದದ್ದನ್ನು ಹಾಗೆ ಎತ್ತಿಕೊಂಡು ಬರುವಂತಿಲ್ಲ: 1972ರ ವನ್ಯಜೀವಿ ಕಾಯ್ದೆಯ 29ನೇ ಸೆಕ್ಷನ್ ಅಡ್ಡ ಬರುತ್ತದೆ, ಒಣಗಿದ ಮರವನ್ನೂ ತೆಗೆಯಬೇಡಿ ಎಂಬ 2000ದ ಸುಪ್ರೀಂ ಕೋರ್ಟ್ ಆದೇಶವೂ ಇದೆ. ಉರುಳಿದ ಬೊಡ್ಡೆ ಅಲ್ಲಿ ಹುಳಕ್ಕೆ, ಅಣಬೆಗೆ, ಮರಕುಟಿಗಕ್ಕೆ ಅನ್ನ.

ಉಳಿಯುವುದು ಎರಡು ದಾರಿ. ಒಂದು, ಹಳೆ ಮದರಾಸಿನ ಮನೆಗಳನ್ನು ಕೆಡವಿದಾಗ ಸಿಗುವ ಬರ್ಮಾ ತೇಗದ ತೊಲೆಗಳು. ಮದರಾಸ್ ತಾರಸಿಯ ಇಟ್ಟಿಗೆ-ಗಾರೆಯ ಭಾರವನ್ನು ತಲೆಮಾರುಗಟ್ಟಲೆ ಹೊತ್ತು ಪೂರಾ ಒಣಗಿದ ಮರ ಇನ್ನು ಸೊಟ್ಟಗಾಗುವುದು ಅಪರೂಪ. ಎರಡು, ರೈತರು ಹೊಲದಲ್ಲಿ ಬೆಳೆಸಿದ ಮರ. ಕರಾವಳಿಯುದ್ದಕ್ಕೂ ಸಿಗುವುದು ಸರ್ವೆ. ಗಟ್ಟಿ ಮರವೇ, ಸಾರುವೆಗೆ ಎಲ್ಲೆಡೆ ಬಳಸುತ್ತಾರೆ. ಹಾಗೇ ಮಣ್ಣಲ್ಲಿ ನೆಟ್ಟರೆ ಮಾತ್ರ ಗೆದ್ದಲಿಗೆ ಹಬ್ಬ. ನಮ್ಮಲ್ಲಿ ಮರದ ಬಾಳಿಕೆ ಅಳೆಯುವ ರೀತಿ ತುಂಬ ಸರಳ: ಗೂಟಗಳನ್ನು ಮಣ್ಣಿಗೆ ಊರಿ ಕಾಯುವುದು. 120 ತಿಂಗಳು ದಾಟಿದರೆ ಮೊದಲ ದರ್ಜೆ, 60ರಿಂದ 120ರೊಳಗೆ ಎರಡನೆಯದು, 60 ತಿಂಗಳೂ ತಡೆಯದಿದ್ದರೆ ಮೂರನೆಯದು. ತೇಗದ ಚೇಗು ಮೊದಲ ದರ್ಜೆ. ಅದೇ ತೇಗದ ಹೊರಗಿನ ಬಿಳಿ ಮರಕ್ಕೆ ಆ ಮಾತು ಸಲ್ಲದು, ಕೊಳ್ಳುವಾಗ ನೋಡಿಕೊಳ್ಳಬೇಕು. ಮರದ ಗುಣ ಪರೀಕ್ಷಿಸುವ ಈ ವಿದ್ಯೆಗೆ ಬೆಂಗಳೂರಿನ ಮಲ್ಲೇಶ್ವರದಲ್ಲೇ ಒಂದು ಮನೆಯಿದೆ: 1938ರಲ್ಲಿ ಮೈಸೂರು ಸಂಸ್ಥಾನದ ಪ್ರಯೋಗಾಲಯವಾಗಿ ಹುಟ್ಟಿ, 1988ರಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾದದ್ದು.

ಕೆಳದರ್ಜೆಯ ಮರಕ್ಕೆ ಔಷಧಿ ಹೊಡೆದರಾಯಿತಲ್ಲ ಎನ್ನಬಹುದು. ಜಗತ್ತಿನಾದ್ಯಂತ ವಿದ್ಯುತ್ ಕಂಬ, ಬೇಲಿಗೂಟಗಳಿಗೆಲ್ಲ ಊಡಿಸಿದ ತಾಮ್ರ-ಕ್ರೋಮಿಯಂ-ಆರ್ಸೆನಿಕ್ ದ್ರಾವಣ ಭಾರತದ್ದೇ ಶೋಧ. 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ಕಂಡುಹಿಡಿದದ್ದು. ಗೆದ್ದಲು ಹತ್ತಿರ ಸುಳಿಯದು, ನಿಜ. ಆದರೆ ಆರ್ಸೆನಿಕ್ ಸೋರುವ ಭಯದಿಂದ ಅಮೆರಿಕದಲ್ಲಿ ಮನೆಬಳಕೆಯ ಮರಕ್ಕೆ 2004ರ ಹೊತ್ತಿಗೆ ಅದನ್ನು ಕೈಬಿಟ್ಟರು. ಮಕ್ಕಳು ಕೈಯಿಡುವ ಕಟಕಟೆಗೆ, ಹಕ್ಕಿ ಮೀನು ಹಿಡಿಯುವ ಕೆರೆಯ ಅಂಚಿಗೆ ಅದು ಬೇಡವೆಂದೇ ನನ್ನ ಅಭಿಪ್ರಾಯ. ಬೋರಾನ್ ಲವಣ ಅಷ್ಟು ಅಪಾಯದ್ದಲ್ಲ, ಆದರೆ ಮಳೆಗೆ ತೊಳೆದುಹೋಗುತ್ತದೆ. ಚಾವಣಿಯಡಿಯ ಮರಕ್ಕಷ್ಟೇ ಸರಿ.

ಔಷಧಿಗಿಂತ ಹೆಚ್ಚು ಕೆಲಸ ಮಾಡುವುದು ಬಡಗಿಯ ಎಚ್ಚರ. ಕಂಬದ ಬುಡ ನೋಡಿ. ಮರ ಹೆಚ್ಚು ನೀರು ಹೀರುವುದು ಪಕ್ಕದಿಂದಲ್ಲ, ಅಡ್ಡ ಕೊಯ್ದ ತುದಿಯಿಂದ. ಆ ತುದಿ ಮಣ್ಣಿಗೂ ಕಾಂಕ್ರೀಟಿಗೂ ತಾಗಬಾರದು. ಕಲ್ಲಿನ ಪೀಠದ ಮೇಲೆ ಉಕ್ಕಿನ ಪಾದ, ಅದರ ಮೇಲೆ ಒಂದು ಗೇಣಾದರೂ ಎತ್ತರದಲ್ಲಿ ಕಂಬದ ತುದಿ, ನಡುವೆ ಗಾಳಿ. ಆಗ ಗೆದ್ದಲು ಮೇಲೇರಬೇಕಾದರೆ ಬಯಲಲ್ಲೇ ಮಣ್ಣಿನ ಸುರಂಗ ಕಟ್ಟಬೇಕು, ಅದು ಕಾವಲುಗಾರನ ಕಣ್ಣಿಗೆ ಬಿದ್ದೇ ಬೀಳುತ್ತದೆ. ಕಂಬದ ನೆತ್ತಿಯನ್ನು ಓರೆಯಾಗಿ ಕೊಯ್ದು ತಗಡಿನ ಟೋಪಿ ಹಾಕಬೇಕು. ಮೆಟ್ಟಿಲ ಹಲಗೆಗಳ ನಡುವೆ ನೀರು ಇಳಿದುಹೋಗಲು ಬೆರಳು ತೂರುವಷ್ಟು ಸಂದಿ ಬೇಕು. ಉಪ್ಪುಗಾಳಿಯ ಊರಲ್ಲಿ ಸಾದಾ ಮೊಳೆ ಬೇಗ ತುಕ್ಕು ಹಿಡಿಯುತ್ತದೆ; ಸ್ಟೇನ್‌ಲೆಸ್ ಬೋಲ್ಟಿಗೆ ದುಡ್ಡಿನ ಮುಖ ನೋಡಬಾರದು.

ಬೋಲ್ಟು ಹಾಕಿದರೆ ಮುಗಿಯಲಿಲ್ಲ. ಮರ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಜೋಡಣೆ ಸಡಿಲಾಗುತ್ತದೆ. ಮದರಾಸಿನ ಹಳಬರಿಗೆ ಇದು ಚೆನ್ನಾಗಿ ಗೊತ್ತಿತ್ತು. ಇಲ್ಲಿ ಬಂದರು ಕಟ್ಟುವ ಮುಂಚೆ ಹಡಗಿನಿಂದ ದಡಕ್ಕೆ ಜನರನ್ನೂ ಸರಕನ್ನೂ ತರುತ್ತಿದ್ದ ಮಸೂಲ ದೋಣಿಗೆ ಮೊಳೆಯೇ ಇರಲಿಲ್ಲ. ಹಲಗೆಗೆ ಹಲಗೆ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿಗೆ. ಅಲೆ ಅಪ್ಪಳಿಸಿದಾಗ ದೋಣಿ ಮುರಿಯುವ ಬದಲು ಬಾಗುತ್ತಿತ್ತು. ಹೊಲಿಗೆ ಸವೆದರೆ ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು. ಗೋಪುರವನ್ನೂ ಹಾಗೇ ಕಟ್ಟಬೇಕು: ಒಂದು ತೊಲೆ ಹಾಳಾದರೆ ಅದೊಂದನ್ನೇ ಕಳಚಿ ಬದಲಿಸುವಂತಿರಬೇಕು.

ಒಣ ಮರದ ತೂಕದಲ್ಲಿ ಅರ್ಧದಷ್ಟು ಇಂಗಾಲ ಎಂದು ಪರಿಸರಸ್ನೇಹದ ಫಲಕ ತೂಗುಹಾಕುವುದು ಸುಲಭ. ಐದೇ ವರ್ಷಕ್ಕೆ ಕೊಳೆತು ಕೆಡವಬೇಕಾದರೆ ಆ ಲೆಕ್ಕಕ್ಕೆ ಅರ್ಥವಿಲ್ಲ. ಆದ್ದರಿಂದ ನಿಮ್ಮೂರಿನ ಕೆರೆಗೋ ಕುರುಚಲು ಕಾಡಿಗೋ ಮರದ ಗೋಪುರದ ಪ್ರಸ್ತಾವ ಬಂದರೆ ಚಿತ್ರ ನೋಡಿ ಮರುಳಾಗಬೇಡಿ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಎಣ್ಣೆ ಬಳಿಯಲು, ಬೋಲ್ಟು ಬಿಗಿಯಲು, ಕೆಟ್ಟ ಹಲಗೆ ಬದಲಿಸಲು ಎಷ್ಟು ಹಣ ತೆಗೆದಿಟ್ಟಿದ್ದೀರಿ ಎಂದು ಕೇಳಿ. ಆ ಸಾಲು ಅಂದಾಜುಪಟ್ಟಿಯಲ್ಲಿ ಇಲ್ಲದಿದ್ದರೆ ಗೋಪುರವೇ ಬೇಡ. ನವೆಂಬರಿನಿಂದ ಮಾರ್ಚಿನವರೆಗೆ ವೇದಾಂತಾಂಗಲ್‌ನ ಏರಿಯ ಮೇಲೆ ನಿಂತರೂ ಹಕ್ಕಿ ಕಾಣುತ್ತದೆ.