ಜಗಲಿ, ಉಗ್ರಾಣ, ಅಟ್ಟ: ಡೆಸ್ಕ್‌ಟಾಪನ್ನು ನಿತ್ಯದ ಕೆಲಸಕ್ಕೆ ಹೊಂದಿಸಿಕೊಳ್ಳುವ ಬಗೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ. ಕೊನೆಯಲ್ಲಿ ನಡೆದ ಚರ್ಚೆಯನ್ನು ಸಂಗ್ರಹಿಸಿ ಕೊಡಲಾಗಿದೆ.)

ಪೀಠಿಕೆ

ನನ್ನ ಪರದೆ ನಿಮಗೆಲ್ಲ ಕಾಣುತ್ತಾ ಉಂಟು ಅಂದುಕೊಳ್ಳುತ್ತೇನೆ. ಕಾಣುತ್ತಿದ್ದರೆ ಒಂದು ವಿಷಯ ಗಮನಿಸಿರಬಹುದು, ಅದರಲ್ಲಿ ಹೆಚ್ಚೇನೂ ಇಲ್ಲ. ರೀಸೈಕಲ್ ಬಿನ್ ಮತ್ತು ‘ಇಂದು’ ಎಂಬ ಒಂದು ಫೋಲ್ಡರ್, ಅಷ್ಟೆ. ಎರಡು ವರ್ಷದ ಹಿಂದೆ ಇದು ಹೀಗಿರಲಿಲ್ಲ. ಅರವತ್ತಕ್ಕೂ ಹೆಚ್ಚು ಐಕಾನ್‌ಗಳಿದ್ದವು. ಹಿನ್ನೆಲೆಗೆ ಬೇಕಲ ಕೋಟೆಯ ಚಿತ್ರ ಹಾಕಿದ್ದೆ. ಐಕಾನ್‌ಗಳ ನಡುವೆ ಅಲ್ಲೊಂದು ಇಲ್ಲೊಂದು ಕಡೆ ಸಮುದ್ರ ಕಾಣುತ್ತಿತ್ತು, ಕೋಟೆ ಕಾಣುತ್ತಿರಲಿಲ್ಲ.

ಆ ಸಮಯದಲ್ಲಿ ಕ್ಷೇತ್ರಕಾರ್ಯಕ್ಕೆಂದು ಪೆರ್ಲದ ಕಡೆ ಹೋಗಿ ಒಬ್ಬರು ಅಜ್ಜಿಯಿಂದ ನಾಲ್ಕು ಸೋಬಾನೆ ಹಾಡುಗಳನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು ಬಂದಿದ್ದೆ. ಲ್ಯಾಪ್‌ಟಾಪಿಗೆ ಹಾಕಿದೆ, ಕಣ್ಣೆದುರು ಇರಲಿ ಅಂತ ಡೆಸ್ಕ್‌ಟಾಪಿನಲ್ಲೇ ಇಟ್ಟೆ, ಜಾಗ ಸಾಲದ ಮೊಬೈಲಿನಿಂದ ಅಳಿಸಿದೆ. ಕೆಲವು ವಾರಗಳ ನಂತರ ಲ್ಯಾಪ್‌ಟಾಪ್ ನಿಧಾನವಾಯಿತು. ರಿಪೇರಿಯವರು ಕೇಳಿದರು, “ಸಿ ಡ್ರೈವ್ ಫಾರ್ಮ್ಯಾಟ್ ಮಾಡಬೇಕು, ಅದರಲ್ಲಿ ನಿಮ್ಮದು ಎಂತಾದರೂ ಉಂಟಾ?” “ಇಲ್ಲ, ನನ್ನ ಫೈಲೆಲ್ಲ ಡಿ ಡ್ರೈವಿನಲ್ಲಿ” ಅಂದೆ. ಅವರು ಹೇಳಿದ ಹಾಗೆಯೇ ಮಾಡಿದರು. ಮನೆಗೆ ಬಂದು ತೆರೆದರೆ ಡೆಸ್ಕ್‌ಟಾಪ್ ಖಾಲಿ. ಮತ್ತೆ ಪೆರ್ಲಕ್ಕೆ ಹೋಗುವಾಗ ಅಜ್ಜಿಗೆ ಹುಷಾರಿರಲಿಲ್ಲ, ನೆನಪೂ ಕಡಿಮೆಯಾಗಿತ್ತು. ನಾಲ್ಕರಲ್ಲಿ ಒಂದು ಹಾಡು ಸಿಕ್ಕಿತು. ಉಳಿದ ಮೂರು ನನ್ನ ಪ್ರಬಂಧದಲ್ಲಿ ಇಲ್ಲ.

ತಪ್ಪು ರಿಪೇರಿಯವರದ್ದಲ್ಲ. ಡೆಸ್ಕ್‌ಟಾಪ್ ಅಂದರೆ ಎಂತ ಅಂತ ನನಗೆ ಗೊತ್ತಿರಲಿಲ್ಲ. ಆದ್ದರಿಂದ ಈ ಮಾತು ಅಲಂಕಾರದ ಬಗ್ಗೆ ಅಲ್ಲ. ಡೆಸ್ಕ್‌ಟಾಪ್ ಕೆಲಸ ಮಾಡುವ ಜಾಗ, ಸಂಗ್ರಹಿಸುವ ಜಾಗ ಅಲ್ಲ. ಇದೊಂದನ್ನು ಒಪ್ಪಿಕೊಂಡರೆ ಕೆಲಸದ ವೇಗವೂ ಫೈಲುಗಳ ಸುರಕ್ಷೆಯೂ ಒಟ್ಟಿಗೇ ಬರುತ್ತವೆ ಎಂಬುದು ನನ್ನ ವಾದ.

1. ಮೇಜಿನ ಕಲ್ಪನೆ

ಕಂಪ್ಯೂಟರಿನ ಪರದೆಯನ್ನು ಕಚೇರಿಯ ಮೇಜಿನ ಹಾಗೆ ಕಾಣುವ ಆಲೋಚನೆ ಬೆಳೆದದ್ದು ಅಮೆರಿಕದ ಝೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ. ಅಲ್ಲಿ 1973ರಲ್ಲಿ ‘ಆಲ್ಟೋ’ ಎಂಬ ಗಣಕ ತಯಾರಾಯಿತು. 1981ರಲ್ಲಿ ಅದೇ ಸಂಸ್ಥೆ ಮಾರಾಟಕ್ಕೆ ತಂದ ‘ಸ್ಟಾರ್’ ಗಣಕದ ಪರದೆಯಲ್ಲಿ ಕಾಗದ, ಫೋಲ್ಡರ್, ಬಂದ ಟಪಾಲಿನ ತಟ್ಟೆ, ಹೋಗುವ ಟಪಾಲಿನ ತಟ್ಟೆ ಎಲ್ಲ ಚಿತ್ರರೂಪದಲ್ಲಿದ್ದವು. 1984ರ ಮೆಕಿಂಟಾಷ್ ಇದನ್ನು ಜನಪ್ರಿಯಗೊಳಿಸಿತು. 1995ರ ಆಗಸ್ಟಿನಲ್ಲಿ ಬಂದ ವಿಂಡೋಸ್ 95, ಸ್ಟಾರ್ಟ್ ಗುಂಡಿಯನ್ನೂ ಕೆಳಗಿನ ಟಾಸ್ಕ್‌ಬಾರನ್ನೂ ಸೇರಿಸಿತು. ಇವತ್ತಿಗೂ ನಾವು ಬಳಸುವುದು ಹೆಚ್ಚುಕಡಿಮೆ ಅದೇ ವಿನ್ಯಾಸ.

ಕಚೇರಿಯ ಮೇಜಿನಲ್ಲಿ ಇರುವುದು ಆ ಹೊತ್ತಿನ ಕಡತ. ಕೆಲಸ ಮುಗಿದ ಕಡತ ಕಪಾಟಿಗೆ ಹೋಗುತ್ತದೆ. ನಮಗೆ ಇನ್ನೂ ಹತ್ತಿರದ ಹೋಲಿಕೆ ನಮ್ಮ ಹಳೆಯ ಮನೆಗಳದ್ದು. ಜಗಲಿಯಲ್ಲಿ ಕೊಡೆ, ಚಪ್ಪಲಿ, ಎಲೆಯಡಿಕೆಯ ತಟ್ಟೆ ಇರುತ್ತದೆ, ಹೋಗುವಾಗ ಬರುವಾಗ ಬೇಕಾದದ್ದು. ಅಕ್ಕಿ, ತೆಂಗಿನಕಾಯಿ ಉಗ್ರಾಣದಲ್ಲಿ. ವರ್ಷಕ್ಕೊಮ್ಮೆ ಬೇಕಾಗುವ ದೊಡ್ಡ ಕೊಪ್ಪರಿಗೆ ಅಟ್ಟದಲ್ಲಿ. ಜಗಲಿಗೆ ಕೊಪ್ಪರಿಗೆ ತಂದಿಟ್ಟರೆ ಕೂರುವುದೆಲ್ಲಿ?

ಇನ್ನು ತಾಂತ್ರಿಕ ಸಂಗತಿ. ಡೆಸ್ಕ್‌ಟಾಪ್ ಎಂಬುದು ಬರೀ ಪರದೆಯಲ್ಲ, ಅದೂ ಒಂದು ಫೋಲ್ಡರೇ. ವಿಂಡೋಸಿನಲ್ಲಿ ಅದು ಸಾಮಾನ್ಯವಾಗಿ ಸಿ ಡ್ರೈವಿನೊಳಗೆ, ಬಳಕೆದಾರರ ಹೆಸರಿನ ಫೋಲ್ಡರಿನ ಒಳಗೆ ಇರುತ್ತದೆ. ಡೌನ್‌ಲೋಡ್ಸ್ ಇರುವುದೂ ಅಲ್ಲೇ. ಸಿ ಡ್ರೈವ್ ಫಾರ್ಮ್ಯಾಟ್ ಆದರೆ ಎರಡೂ ಹೋಗುತ್ತವೆ. ನನ್ನ ಮೂರು ಹಾಡು ಹೋದದ್ದು ಹೀಗೆ.

2. ಹುಡುಕಾಟದ ಬೆಲೆ

ಕ್ರಮವಿಲ್ಲದೆ ಹರಡಿದ 60 ಐಕಾನ್‌ಗಳಲ್ಲಿ ಒಂದನ್ನು ಹುಡುಕಲು ಕಣ್ಣು ಸರಾಸರಿ 30ನ್ನು ದಾಟಿ ಹೋಗಬೇಕು. ಒಂದು ಹುಡುಕಾಟಕ್ಕೆ 10 ಸೆಕೆಂಡು, ದಿನಕ್ಕೆ 40 ಸಲ ಅಂತ ಲೆಕ್ಕಕ್ಕೆ ಹಿಡಿಯುವಾ. ದಿನಕ್ಕೆ 400 ಸೆಕೆಂಡು ಆಯಿತು, ಏಳು ನಿಮಿಷಕ್ಕೆ ಸ್ವಲ್ಪ ಕಡಿಮೆ. 300 ದಿನಕ್ಕೆ 33 ಗಂಟೆ. ಒಂದು ಅಧ್ಯಾಯದ ಕರಡು ತಿದ್ದುವಷ್ಟು ಸಮಯ ಅದು.

ಮೌಸಿನ ವಿಷಯದಲ್ಲೂ ಒಂದು ನಿಯಮ ಉಂಟು. 1954ರಲ್ಲಿ ಪಾಲ್ ಫಿಟ್ಸ್ ಎಂಬ ಮನೋವಿಜ್ಞಾನಿ ತೋರಿಸಿಕೊಟ್ಟದ್ದು: ಗುರಿ ದೂರವಾದಷ್ಟು, ಚಿಕ್ಕದಾದಷ್ಟು ಅದನ್ನು ಮುಟ್ಟಲು ಹೆಚ್ಚು ಸಮಯ ಬೇಕು. ಪರದೆಯ ಅಂಚು ಮತ್ತು ಮೂಲೆಗಳು ಸುಲಭ, ಯಾಕೆಂದರೆ ಮೌಸನ್ನು ಎಷ್ಟು ಜೋರಾಗಿ ತಳ್ಳಿದರೂ ಬಾಣ ಅಲ್ಲೇ ನಿಲ್ಲುತ್ತದೆ. ವಿಂಡೋಸ್ 11ರಲ್ಲಿ ಸ್ಟಾರ್ಟ್ ಗುಂಡಿ ಮಧ್ಯಕ್ಕೆ ಬಂದಿದೆ. ಟಾಸ್ಕ್‌ಬಾರ್ ಸೆಟ್ಟಿಂಗಿನಲ್ಲಿ ಅದನ್ನು ಪುನಃ ಎಡಮೂಲೆಗೆ ಕೊಂಡುಹೋಗಬಹುದು. ಸಣ್ಣ ಬದಲಾವಣೆ, ಆದರೆ ಕೈಗೆ ಆರಾಮ.

3. ಹೊಂದಿಸುವ ಕ್ರಮ

ನಾನು ಮಾಡಿಕೊಂಡದ್ದು ಹೀಗೆ. ಒಂದು ಸಂಜೆ ಸಾಕು.

ಮೊದಲಿಗೆ, ಡಿ ಡ್ರೈವಿನಲ್ಲಿ ‘ಉಗ್ರಾಣ’ ಮತ್ತು ‘ಅಟ್ಟ’ ಅಂತ ಎರಡು ಫೋಲ್ಡರ್ ಮಾಡಿದೆ. ನಡೆಯುತ್ತಿರುವ ಕೆಲಸ ಉಗ್ರಾಣಕ್ಕೆ: ಸಂಶೋಧನೆ, ಪಾಠ, ಅರ್ಜಿ–ಪ್ರಮಾಣಪತ್ರ, ಧ್ವನಿಮುದ್ರಣ ಎಂಬ ನಾಲ್ಕೇ ವಿಭಾಗ. ಮುಗಿದದ್ದು ಅಟ್ಟಕ್ಕೆ, ವರ್ಷದ ಲೆಕ್ಕದಲ್ಲಿ. ಡೆಸ್ಕ್‌ಟಾಪಿನಲ್ಲಿ ‘ಇಂದು’ ಮಾತ್ರ. ವಾರಕ್ಕೊಮ್ಮೆ, ನನಗಾದರೆ ಶನಿವಾರ, ‘ಇಂದು’ ಮತ್ತು ಡೌನ್‌ಲೋಡ್ಸ್ ಎರಡನ್ನೂ ಗುಡಿಸಿ ಆಯಾ ಜಾಗಕ್ಕೆ ಸೇರಿಸುವುದು. ಉಗ್ರಾಣವನ್ನು ಫೈಲ್ ಎಕ್ಸ್‌ಪ್ಲೋರರಿನ ಎಡಬದಿಯ ಕ್ವಿಕ್ ಆಕ್ಸೆಸ್ಸಿಗೆ ಪಿನ್ ಮಾಡಿಟ್ಟರೆ ಒಂದೇ ಕ್ಲಿಕ್ಕಿನಲ್ಲಿ ಸಿಗುತ್ತದೆ.

ಎರಡನೆಯದಾಗಿ, ದಿನಾ ತೆರೆಯುವ ಐದಾರು ತಂತ್ರಾಂಶಗಳನ್ನು ಟಾಸ್ಕ್‌ಬಾರಿಗೆ ಪಿನ್ ಮಾಡಿದೆ. ಅವುಗಳ ಕ್ರಮ ಬದಲಿಸಬಾರದು. ಯಾಕೆಂದರೆ ವಿಂಡೋಸ್ ಕೀ ಒತ್ತಿ ಹಿಡಿದು 1 ಒತ್ತಿದರೆ ಮೊದಲನೆಯದು, 2 ಒತ್ತಿದರೆ ಎರಡನೆಯದು ತೆರೆಯುತ್ತದೆ. ಕೆಲವು ದಿನಗಳಲ್ಲಿ ಬೆರಳಿಗೆ ರೂಢಿಯಾಗುತ್ತದೆ, ಕಣ್ಣಿಗೆ ಕೆಲಸವೇ ಇಲ್ಲ. ಉಬುಂಟುವಿನಲ್ಲೂ ಪಕ್ಕದ ಪಟ್ಟಿಯ ತಂತ್ರಾಂಶಗಳು ಹೀಗೆಯೇ ತೆರೆಯುತ್ತವೆ. ಕೇರಳದ ಶಾಲೆಗಳಲ್ಲಿ ಓದಿದವರಿಗೆ ಉಬುಂಟು ಹೊಸತಲ್ಲ. 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ ‘ಕೈಟ್’ ಆಯಿತು. ಶಾಲೆಯ ಲ್ಯಾಬಿನಲ್ಲಿ ನಾವು ಕಲಿತದ್ದು ಅವರು ಹೊಂದಿಸಿಕೊಟ್ಟ ಸ್ವತಂತ್ರ ತಂತ್ರಾಂಶದಲ್ಲೇ.

ಮೂರನೆಯದಾಗಿ, ಉಳಿದದ್ದನ್ನೆಲ್ಲ ಹೆಸರು ಹಿಡಿದು ಕರೆಯುವುದು. ವಿಂಡೋಸ್ ಕೀ ಒತ್ತಿ, ಬಿಟ್ಟು, ಫೈಲಿನ ಅಥವಾ ತಂತ್ರಾಂಶದ ಹೆಸರಿನ ಮೂರು ನಾಲ್ಕು ಅಕ್ಷರ ಟೈಪ್ ಮಾಡಿದರೆ ಸಾಕು. ಡಿ ಡ್ರೈವಿನ ಫೈಲ್ ಸಿಗದಿದ್ದರೆ ಹುಡುಕಾಟದ ಸೆಟ್ಟಿಂಗಿನಲ್ಲಿ ಉಗ್ರಾಣವನ್ನೂ ಸೇರಿಸಬೇಕು. ಇನ್ನೆರಡು ಕೀಲಿಗಳು: ವಿಂಡೋಸ್ ಕೀ ಜೊತೆಗೆ ಡಿ ಒತ್ತಿದರೆ ಎಲ್ಲ ಕಿಟಕಿ ಸರಿದು ಡೆಸ್ಕ್‌ಟಾಪ್ ಕಾಣುತ್ತದೆ, ವಿ ಒತ್ತಿದರೆ ಹಿಂದೆ ಕಾಪಿ ಮಾಡಿದವುಗಳ ಪಟ್ಟಿ ಬರುತ್ತದೆ. ಎರಡನೆಯದನ್ನು ಮೊದಲ ಸಲ ಆನ್ ಮಾಡಿಕೊಳ್ಳಬೇಕು. ಉದ್ಧರಣೆಗಳನ್ನು ಒಟ್ಟುಮಾಡುವವರಿಗೆ ಇದು ತುಂಬ ಉಪಕಾರ.

4. ಹೆಸರಿಡುವ ಶಿಸ್ತು

ಹೆಸರು ಹಿಡಿದು ಕರೆಯಬೇಕಾದರೆ ಹೆಸರು ಸರಿಯಿರಬೇಕಲ್ಲ. ‘ಅಂತಿಮ’, ‘ಅಂತಿಮ ಹೊಸತು’, ‘ನಿಜವಾಗಿಯೂ ಅಂತಿಮ’: ಇಂಥ ಫೈಲುಗಳು ನಮ್ಮೆಲ್ಲರಲ್ಲೂ ಉಂಟು. ಯಾವುದು ಕೊನೆಯದು ಅಂತ ಬರೆದವರಿಗೇ ಗೊತ್ತಿರುವುದಿಲ್ಲ. ಅದರ ಬದಲು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಹೆಸರಿಡಿ: ‘2023-07-05 ಅಧ್ಯಾಯ 02’. ದಿನ ಮೊದಲು ಬರೆದರೆ ಜನವರಿ 5, ಜುಲೈ 5 ಅಕ್ಕಪಕ್ಕ ಬರುತ್ತವೆ. ವರ್ಷ ಮೊದಲು ಬರೆದರೆ ಹೆಸರಿನ ಕ್ರಮವೇ ಕಾಲದ ಕ್ರಮ ಆಗುತ್ತದೆ. ಅಧ್ಯಾಯದ ಸಂಖ್ಯೆಗೆ ಸೊನ್ನೆ ಸೇರಿಸುವುದೂ ಇದಕ್ಕಾಗಿಯೇ. ಇಲ್ಲದಿದ್ದರೆ ಕೆಲವು ಕಡೆ 2ಕ್ಕಿಂತ 10 ಮೊದಲು ಬಂದು ಕೂರುತ್ತದೆ.

ಕನ್ನಡದಲ್ಲಿ ಹೆಸರಿಡಬಹುದು, ಧೈರ್ಯವಾಗಿ ಇಡಿ. ಆದರೆ ಚಿಕ್ಕದಾಗಿರಲಿ. ಉಬುಂಟುವಿನಲ್ಲಿ ಫೈಲ್ ಹೆಸರಿಗೆ 255 ಬೈಟ್ ಮಿತಿ. ಯೂನಿಕೋಡಿನ ಪ್ರತಿ ಕನ್ನಡ ಸಂಕೇತಕ್ಕೆ ಅಲ್ಲಿ 3 ಬೈಟ್ ಬೇಕು. ಅಂದರೆ 85 ಸಂಕೇತ ಮಾತ್ರ, ಅದರಲ್ಲಿ ಕೊಂಬು, ದೀರ್ಘ, ಒತ್ತು ಎಲ್ಲ ಪ್ರತ್ಯೇಕ ಲೆಕ್ಕ. ಪ್ರಬಂಧದ ಇಡೀ ಶೀರ್ಷಿಕೆಯನ್ನು ಹೆಸರಾಗಿ ಕೊಟ್ಟರೆ ವಿಂಡೋಸಿನಿಂದ ಉಬುಂಟುವಿಗೆ ಕಾಪಿ ಆಗದೆ ಹೋಗಬಹುದು.

5. ಮೂರು ಲಿಪಿಗಳ ಮೇಜು

ಇದು ಕಾಸರಗೋಡಿನವರಾದ ನಮ್ಮದೇ ವಿಷಯ. ಪ್ರಬಂಧ ಕನ್ನಡದಲ್ಲಿ, ಅರ್ಜಿ ಮಲಯಾಳದಲ್ಲಿ, ಇಮೇಲ್ ಇಂಗ್ಲಿಷಿನಲ್ಲಿ. ಒಂದೇ ಗಂಟೆಯಲ್ಲಿ ಮೂರೂ ಬರುತ್ತವೆ. ಲಿಪಿ ಬದಲಿಸಲು ಪ್ರತಿ ಸಲ ಬೇರೆ ತಂತ್ರಾಂಶ ತೆರೆಯುವುದು ಬೇಡ. ಸೆಟ್ಟಿಂಗಿನಲ್ಲಿ ಕನ್ನಡ, ಮಲಯಾಳ ಎರಡನ್ನೂ ಸೇರಿಸಿಟ್ಟರೆ ವಿಂಡೋಸ್ ಕೀ ಹಿಡಿದು ಸ್ಪೇಸ್‌ಬಾರ್ ಒತ್ತಿದಾಗ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ.

ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಭಾರತೀಯ ಲಿಪಿಗಳ ಸಮಾನ ಅಕ್ಷರಗಳಿಗೆ ಒಂದೇ ಸ್ಥಾನ. ಕನ್ನಡದ ‘ಕ’ ಎಲ್ಲಿ ಉಂಟೋ ಮಲಯಾಳದ ‘ಕ’ವೂ ಅಲ್ಲೇ, ‘ಪ’, ‘ರ’, ‘ತ’ಗಳೂ ಹಾಗೆಯೇ. ಒಮ್ಮೆ ಕಲಿತರೆ ಎರಡು ಭಾಷೆ ಟೈಪ್ ಮಾಡಬಹುದು. ಇಂಗ್ಲಿಷ್ ಉಚ್ಚಾರದ ಮೂಲಕವೇ ಟೈಪ್ ಮಾಡಿ ರೂಢಿಯಾದವರಿಗೆ 2019ರಿಂದ ವಿಂಡೋಸ್ 10ರಲ್ಲೇ ಕನ್ನಡದ ಫೊನೆಟಿಕ್ ಕೀಲಿಮಣೆ ಸಿಗುತ್ತದೆ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ‘ನುಡಿ’ಯಲ್ಲಿ ಕಲಿತವರು ಅದನ್ನೇ ಮುಂದುವರಿಸಿ, ಅಡ್ಡಿಯಿಲ್ಲ. ಆದರೆ ಯೂನಿಕೋಡಿನಲ್ಲಿ ಬರೆಯಿರಿ. ಹಳೆಯ ಫಾಂಟಿನಲ್ಲಿ ಬರೆದದ್ದು ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರಗಳ ಗೊಂದಲ. ಒಳಗಿನ ‘ಸೋಬಾನೆ’ ಎಂಬ ಪದವನ್ನು ಹುಡುಕಿದರೆ ಅದು ಸಿಗುವುದೇ ಇಲ್ಲ. ಉಗ್ರಾಣದಲ್ಲಿ ಉಂಟು, ಆದರೆ ಕರೆದರೆ ಓಗೊಡುವುದಿಲ್ಲ. ಅಂಥ ಹಳೆಯ ಫೈಲುಗಳನ್ನು ಸ್ವಲ್ಪ ಸ್ವಲ್ಪವಾಗಿ ಯೂನಿಕೋಡಿಗೆ ಪರಿವರ್ತಿಸುವುದು ಒಳ್ಳೆಯದು.

ಚರ್ಚೆ

ವಿದ್ಯಾರ್ಥಿನಿಯೊಬ್ಬರ ಪ್ರಶ್ನೆ: ಡೆಸ್ಕ್‌ಟಾಪಿನಲ್ಲಿ ಶಾರ್ಟ್‌ಕಟ್ ಇಡಬಹುದಾ?

ಇಡಬಹುದು. ಮೂಲೆಯಲ್ಲಿ ಸಣ್ಣ ಬಾಣದ ಗುರುತು ಇರುವುದು ಶಾರ್ಟ್‌ಕಟ್. ಅದನ್ನು ಅಳಿಸಿದರೆ ಮೂಲ ಫೈಲ್ ಹೋಗುವುದಿಲ್ಲ. ಅದೇ ಕಾರಣಕ್ಕೆ ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡರೆ ಫೈಲ್ ಬರುವುದೂ ಇಲ್ಲ! ಮಂಡನೆಯ ದಿನ ಪೆನ್‌ಡ್ರೈವಿನಲ್ಲಿ ಬಾಣ ಮಾತ್ರ ಇಟ್ಟುಕೊಂಡು ಬಂದವರನ್ನು ನೋಡಿದ್ದೇನೆ.

ಅಧ್ಯಾಪಕರೊಬ್ಬರ ಪ್ರಶ್ನೆ: ಆನ್‌ಲೈನ್ ತರಗತಿ ಮಾಡುವಾಗ ನಮ್ಮ ಖಾಸಗಿ ಫೈಲುಗಳೆಲ್ಲ ಮಕ್ಕಳಿಗೆ ಕಾಣುತ್ತವಲ್ಲ?

ಹೌದು ಸರ್. ಇಡೀ ಪರದೆಯ ಬದಲು ಒಂದು ಕಿಟಕಿಯನ್ನಷ್ಟೇ ಹಂಚಿಕೊಳ್ಳಬಹುದು. ಇನ್ನೊಂದು ಉಪಾಯ, ಕಂಟ್ರೋಲ್, ವಿಂಡೋಸ್, ಡಿ ಮೂರನ್ನೂ ಒಟ್ಟಿಗೆ ಒತ್ತಿದರೆ ಎರಡನೆಯ ಡೆಸ್ಕ್‌ಟಾಪ್ ತೆರೆಯುತ್ತದೆ. ಪಾಠದ ಕಿಟಕಿಗಳು ಅಲ್ಲಿ, ಸ್ವಂತದ್ದು ಇಲ್ಲಿ. ಆದರೆ ಐಕಾನ್‌ಗಳು ಎರಡರಲ್ಲೂ ಒಂದೇ, ಆದ್ದರಿಂದ ಜಗಲಿ ಗುಡಿಸದೆ ಉಪಾಯವಿಲ್ಲ.

ಮತ್ತೊಂದು ಪ್ರಶ್ನೆ: ಡಿ ಡ್ರೈವಿನಲ್ಲಿಟ್ಟರೆ ಸುರಕ್ಷಿತವಾ?

ಫಾರ್ಮ್ಯಾಟಿನಿಂದ ಬಚಾವಾಗಬಹುದು, ಆದರೆ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಸಿ, ಡಿ ಎರಡೂ ಒಂದೇ ಡಿಸ್ಕಿನ ಭಾಗಗಳು. ಡಿಸ್ಕ್ ಹಾಳಾದರೆ ಎರಡೂ ಹೋದವು. ಧ್ವನಿಮುದ್ರಣಗಳ ಒಂದು ಪ್ರತಿ ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದು ಗೂಗಲ್ ಡ್ರೈವಿನಂಥ ಕಡೆ ಇರಲಿ. ಮಳೆಗಾಲದಲ್ಲಿ ಕರೆಂಟು, ನೆಟ್ಟು ಎರಡೂ ನಂಬುವ ಹಾಗಿಲ್ಲ, ಆದ್ದರಿಂದ ಯಾವುದಾದರೂ ಒಂದನ್ನೇ ನೆಚ್ಚಿ ಕೂರಬೇಡಿ.

ಉಪಸಂಹಾರ

ಹೇಳಿದ್ದರಲ್ಲಿ ಯಾವುದೂ ದೊಡ್ಡ ವಿದ್ಯೆ ಅಲ್ಲ. ದಿನಾ ಬೇಕಾದದ್ದು ಬೆರಳ ತುದಿಯಲ್ಲಿ, ಉಳಿದದ್ದು ಹೆಸರು ಕರೆದರೆ ಬರುವ ಹಾಗೆ, ಅಮೂಲ್ಯವಾದದ್ದು ಎರಡು ಮೂರು ಕಡೆ. ಈಗ ಕ್ಷೇತ್ರಕಾರ್ಯದಿಂದ ಬಂದ ದಿನ ಕೈಕಾಲು ತೊಳೆದ ಮೇಲೆ ನಾನು ಮಾಡುವ ಮೊದಲ ಕೆಲಸ, ಮುದ್ರಣಕ್ಕೆ ದಿನಾಂಕ, ಊರು, ಹಾಡಿನ ಹೆಸರು ಕೊಟ್ಟು ಮೂರು ಕಡೆ ಹಾಕುವುದು. ಆಮೇಲೆಯೇ ಮೊಬೈಲಿನಿಂದ ಅಳಿಸುವುದು. ಪೆರ್ಲದ ಅಜ್ಜಿಯ ಆ ಒಂದು ಹಾಡು ಮೂರೂ ಕಡೆ ಉಂಟು. ನಿಮ್ಮಲ್ಲಿ ಯಾರ ಡೆಸ್ಕ್‌ಟಾಪಿನಲ್ಲಾದರೂ ಈಗ ಅಂಥದ್ದೊಂದು ಇದ್ದರೆ ದಯವಿಟ್ಟು ಈ ಸಂಜೆಯೇ ಅದನ್ನು ಒಳಗೆ ತೆಗೆದಿಡಿ.